ಎರಡು ಪೆಡಲು, ಒಂದು ಸೋತ ಕಾಲು

ಸೈಕಲ್ಲೊಂದನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಒಂದು ಪೆಡಲನ್ನು ಮಾತ್ರ ಕೈಯಿಂದ ಕೆಳಕ್ಕೆ ಒತ್ತಿ. ಇನ್ನೊಂದು ತಾನಾಗಿಯೇ ಮೇಲೇರುತ್ತದೆ. ಎರಡೂ ಒಂದೇ ಅಚ್ಚಿಗೆ 180 ಡಿಗ್ರಿ ಅಂತರದಲ್ಲಿ ಜೋಡಣೆಯಾಗಿರುವುದೇ ಇದಕ್ಕೆ ಕಾರಣ. ಈ ಸರಳ ಸಂಗತಿ ಪಾರ್ಶ್ವವಾಯು ಪೀಡಿತರಿಗೆ ವರವೂ ಹೌದು, ಮೋಸವೂ ಹೌದು. ಅದು ಹೇಗೆ?

ನ್ಯೂನತೆಯಿರುವ ದೇಹಕ್ಕೆ ತಕ್ಕಂತೆ ವಾಹನವನ್ನು ಹೊಂದಿಸುವ ಪ್ರಯತ್ನ ಸೈಕಲ್ಲಿಗಿಂತಲೂ ಹಳೆಯದು. ಕಾರ್ಲ್ ಡ್ರೈಸ್‌ನ ದ್ವಿಚಕ್ರ ವಾಹನ ಓಡಿದ್ದು 1817ರಲ್ಲಿ. ಅದಕ್ಕೂ ಬಹಳ ಮೊದಲು, 1655ರ ಸುಮಾರಿಗೆ, ಜರ್ಮನಿಯ ನ್ಯೂರೆಂಬರ್ಗ್ ಬಳಿಯ ಗಡಿಯಾರ ತಯಾರಕ ಸ್ಟೀಫನ್ ಫಾರ್ಫ್ಲರ್ ಮೂರು ಗಾಲಿಗಳ ಬಂಡಿಯೊಂದನ್ನು ನಿರ್ಮಿಸಿದ್ದ. ನಡೆಯಲಾಗದ ಆತ ಹಿಡಿಯನ್ನು ಕೈಯಿಂದ ತಿರುಗಿಸಿ ಬಂಡಿ ಓಡಿಸುತ್ತಿದ್ದ. ಕಾಲಿನ ಕೆಲಸವನ್ನು ಆ ಯಂತ್ರ ಕೈಗೆ ವಹಿಸಿತ್ತು. ಪಾರ್ಶ್ವವಾಯುವಿನ ಪ್ರಶ್ನೆ ಬೇರೆ: ಸೋತ ಕಾಲಿನಿಂದಲೇ ಕೆಲಸ ಮಾಡಿಸಬಹುದೇ?

ಮಿದುಳಿನ ಒಂದು ಭಾಗಕ್ಕೆ ರಕ್ತ ಪೂರೈಕೆ ನಿಂತಾಗ ಅಥವಾ ಅಲ್ಲಿ ರಕ್ತನಾಳ ಒಡೆದಾಗ ಪಾರ್ಶ್ವವಾಯು ಬಡಿಯುತ್ತದೆ. ಸಾಮಾನ್ಯವಾಗಿ ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ದೇಹದ ಬಲಭಾಗ ಸೋಲುತ್ತದೆ. ಅಲ್ಲಿನ ಸ್ನಾಯುಗಳು ದುರ್ಬಲವಾಗುವುದಷ್ಟೇ ಅಲ್ಲ, ಎಷ್ಟೋ ವೇಳೆ ಸೆಡೆತುಕೊಳ್ಳುತ್ತವೆ. ಲಂಡನ್ನಿನಲ್ಲಿ ಬರ್ಟಾ ಬೊಬಾತ್ ರೂಪಿಸಿದ ಚಿಕಿತ್ಸಾಕ್ರಮ ಸೋತ ಭಾಗವನ್ನು ಕಡೆಗಣಿಸಬಾರದೆಂದು ಒತ್ತಿ ಹೇಳಿತು. ಆದರೆ ಶ್ರಮ ಹೆಚ್ಚಾದರೆ ಸೆಡೆತವೂ ಹೆಚ್ಚುತ್ತದೆಂದು ಅದೇ ಎಚ್ಚರಿಸಿತು. ಆಕೆಯ 1970ರ ಪುಸ್ತಕ ವ್ಯಾಪಕ ಪ್ರಭಾವ ಬೀರಿತು. ಭಾರ ಹಾಕಿ ಪೆಡಲು ತುಳಿಸಲು ಅನೇಕ ಚಿಕಿತ್ಸಕರು ಹಿಂಜರಿದರು.

ಈ ಭಯ ನಿಜವೇ? ಅಳೆದು ನೋಡದೆ ಹೇಳುವಂತಿರಲಿಲ್ಲ. ಅಮೆರಿಕದ ಡೇವಿಡ್ ಬ್ರೌನ್ ಮತ್ತು ಸ್ಟೀವನ್ ಕೌಟ್ಸ್, ಪೆಡಲಿನ ಮೇಲೆ ಬೀಳುವ ಬಲವನ್ನೂ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನೂ ದಾಖಲಿಸಿ, 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ತುಳಿತದ ಭಾರ ಹೆಚ್ಚಿದಂತೆ ಸೋತ ಕಾಲು ಮಾಡುವ ಕೆಲಸವೂ ಹೆಚ್ಚಿತು. ಸ್ನಾಯುಗಳ ತಪ್ಪು ಚಟುವಟಿಕೆ ಮಾತ್ರ ಉಲ್ಬಣಿಸಲಿಲ್ಲ. ಸದುದ್ದೇಶದ ನಿಷೇಧವೊಂದು ಅಳತೆಯ ಮುಂದೆ ನಿಲ್ಲಲಿಲ್ಲ.

ಈಗ ನಮ್ಮ ಪ್ರಯೋಗಕ್ಕೆ ಮರಳೋಣ. ಗಟ್ಟಿ ಕಾಲು ತುಳಿದಾಗ ಸೋತ ಕಾಲಿಗೂ ಲಯಬದ್ಧ ಚಲನೆ ದೊರೆಯುತ್ತದೆ. ಇದು ವರ. ಆದರೆ ಸೋತ ಕಾಲು ಸುಮ್ಮನೆ ಸವಾರಿ ಮಾಡುತ್ತಿದ್ದರೂ ಪೆಡಲು ತಿರುಗುತ್ತಲೇ ಇರುತ್ತದೆ. ಇದು ಮೋಸ. ಆದ್ದರಿಂದ ಎಷ್ಟು ಸುತ್ತು ತುಳಿದರೆಂಬುದಕ್ಕಿಂತ ಯಾವ ಕಾಲು ಎಷ್ಟು ತುಳಿಯಿತೆಂಬುದೇ ಮುಖ್ಯ.

ಸಮತೋಲಕ್ಕೆ ಮೂರನೆಯ ಗಾಲಿ, ಪಾದ ಜಾರದಂತೆ ಪಟ್ಟಿ, ಗಟ್ಟಿ ಕೈಯೊಂದರಿಂದಲೇ ಹಿಡಿಯಬಹುದಾದ ಬ್ರೇಕು: ಇಂತಹ ಮಾರ್ಪಾಡುಗಳಿಂದ ವ್ಯಾಯಾಮದ ಕೋಣೆಯಿಂದ ರಸ್ತೆಗೂ ಇಳಿಯಬಹುದು. ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ತ್ರಿಚಕ್ರ ಸೈಕಲ್ಲುಗಳ ಸ್ಪರ್ಧೆಯೇ ಇದೆ. ಸಮತೋಲ ಕಳೆದುಕೊಂಡ ಸವಾರರು ಅಲ್ಲಿ ಸ್ಪರ್ಧಿಸುತ್ತಾರೆ.

ಸೈಕಲ್ ಸಂಜೀವಿನಿಯಲ್ಲ. ಹೃದಯ ಮತ್ತು ರಕ್ತದೊತ್ತಡದ ಪರೀಕ್ಷೆಯಾಗದೆ, ವೈದ್ಯರ ಸಲಹೆಯಿಲ್ಲದೆ ಯಾರೂ ಪೆಡಲಿಗೆ ಕಾಲಿಡಬಾರದು. ಆದರೆ ನಿಮ್ಮ ಮನೆಯ ಹಿರಿಯರೊಬ್ಬರಿಗೆ ಪಾರ್ಶ್ವವಾಯು ಬಡಿದು, 'ಇನ್ನು ಸುಮ್ಮನೆ ಕೂತಿರಿ' ಎಂದು ನೆಂಟರಿಷ್ಟರು ಹೇಳಿದರೆ ಈ ಚರಿತ್ರೆ ನೆನಪಿರಲಿ. 'ಎಷ್ಟು ಶ್ರಮ ಸುರಕ್ಷಿತ?' ಎಂದು ಚಿಕಿತ್ಸಕರನ್ನು ನೀವೇ ಕೇಳಿ.