ಕ್ಯಾಸನೂರು ಕಾಡಿನ ಕಾಯಿಲೆ: ಔಷಧ ಪರೀಕ್ಷೆ

ಇದು ಉಣುಗುಗಳಿಂದ ಹರಡುವ, ಮಲೆನಾಡಿನಲ್ಲಿ ‘ಮಂಗನ ಕಾಯಿಲೆ’ ಎಂದೇ ಹೆಸರಾದ ರಕ್ತಸ್ರಾವಿ ವೈರಾಣು ಜ್ವರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ, ಪುಣೆಯ ವೈರಾಣು ಸಂಶೋಧನಾ ಕೇಂದ್ರ (ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ) ಇದರ ವೈರಾಣುವನ್ನು ಪತ್ತೆಹಚ್ಚಿತು. ರೋಗಿಗಳಲ್ಲಿ ಶೇ. 3ರಿಂದ 5ರಷ್ಟು ಮಂದಿ ಸಾಯುತ್ತಾರೆ. ನಿರ್ದಿಷ್ಟ ಔಷಧವಿಲ್ಲ; ದ್ರವಾಂಶ ಕಾಯ್ದುಕೊಂಡು, ಅಗತ್ಯವಿದ್ದರೆ ರಕ್ತ ಕೊಡುವ ಆಧಾರ ಚಿಕಿತ್ಸೆಯೇ ಗತಿ.

ಹೊಸ ಔಷಧವನ್ನು ಮೊದಲು ಸೋಂಕಿತ ಜೀವಕೋಶಗಳಲ್ಲಿ, ಬಳಿಕ ಪ್ರಾಣಿಗಳಲ್ಲಿ ಪರೀಕ್ಷಿಸಿಯೇ ಮನುಷ್ಯರಿಗೆ ಕೊಡಬೇಕು. ಅಪಾಯಕಾರಿ ವೈರಾಣುಗಳಿಗಾಗಿ ಪುಣೆಯ ಇದೇ ಸಂಸ್ಥೆಯಲ್ಲಿ 2012ರಲ್ಲಿ ಅತ್ಯುನ್ನತ ಜೈವಿಕ ಸುರಕ್ಷತೆಯ (ಬಿಎಸ್‌ಎಲ್-4) ಪ್ರಯೋಗಾಲಯ ಆರಂಭವಾಯಿತು. ಬಾನೆಟ್ ಮಕಾಕ್ ಮಂಗಗಳಿಗೆ ಸೋಂಕು ತಗುಲಿಸಿ, ರಕ್ತದಲ್ಲಿ ವೈರಾಣು ಏರಿಳಿಯುವ ಬಗೆಯನ್ನು ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿದ್ದಾರೆ. ಕಾಯಿಲೆ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ, ಚದುರಿದ ಹಳ್ಳಿಗಳಲ್ಲಿ ಕಾಣಿಸುವುದರಿಂದ ಮನುಷ್ಯರ ಮೇಲಿನ ಪ್ರಯೋಗಕ್ಕೆ ಸಾಕಷ್ಟು ರೋಗಿಗಳನ್ನು ಸೇರಿಸುವುದು ಕಷ್ಟ.