ಖಬರ್ ಲಹರಿಯಾ

ಖಬರ್ ಲಹರಿಯಾ ಉತ್ತರ ಪ್ರದೇಶದ ಬುಂದೇಲ್‌ಖಂಡದಲ್ಲಿ ಗ್ರಾಮೀಣ ಮಹಿಳೆಯರೇ ಕಟ್ಟಿ ಬೆಳೆಸಿದ ಸ್ಥಳೀಯ ಪತ್ರಿಕೆ. 2002ರ ಮೇ ತಿಂಗಳಲ್ಲಿ ಚಿತ್ರಕೂಟದಿಂದ ಹೊರಟಿತು. ಮೊದಲು ಪಾಕ್ಷಿಕವಾಗಿದ್ದು, ಮುಂದೆ ವಾರಪತ್ರಿಕೆಯಾಯಿತು. ಇದರ ವರದಿಗಾರ್ತಿಯರಲ್ಲಿ ದಲಿತ, ಆದಿವಾಸಿ, ಮುಸ್ಲಿಂ ಮತ್ತು ಹಿಂದುಳಿದ ಸಮುದಾಯಗಳ ಮಹಿಳೆಯರೇ ಹೆಚ್ಚು.

ಹಿನ್ನೆಲೆ: ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ನಡೆದ ಮಹಿಳಾ ಸಮಖ್ಯಾ ಕಾರ್ಯಕ್ರಮದಡಿ 1990ರ ದಶಕದಲ್ಲಿ ಬಾಂದಾ ಪ್ರದೇಶದ ಅನೇಕ ಹೆಣ್ಣುಮಕ್ಕಳು ಅಕ್ಷರ ಕಲಿತರು. ಓದಲು ಕಲಿತವರ ಕೈಗೆ ಅವರ ಬದುಕಿಗೆ ಸಂಬಂಧಿಸಿದ ಬರಹ ಸಿಗದಿದ್ದರೆ ಕಲಿತ ಅಕ್ಷರವೂ ಮರೆತುಹೋಗುತ್ತದೆ. ಈ ಕೊರತೆ ನೀಗಲು ‘ಮಹಿಳಾ ಡಾಕಿಯಾ’ ಎಂಬ ಬುಂದೇಲಿ ಸುದ್ದಿಪತ್ರ ಹೊರಬಂತು. ಅದು ನಿಂತ ಮೇಲೆ, ದೆಹಲಿಯ ‘ನಿರಂತರ್’ ಸಂಸ್ಥೆಯ ಬೆಂಬಲದಿಂದ ಖಬರ್ ಲಹರಿಯಾ ರೂಪುಗೊಂಡಿತು. ಕವಿತಾ ದೇವಿ ಮತ್ತು ಮೀರಾ ಜಾಟವ್ ಅದರ ಆರಂಭದ ಪ್ರಮುಖರು.

ಸ್ವರೂಪ: ಪತ್ರಿಕೆಯ ಭಾಷೆ ಮೊದಲಿಗೆ ಊರಿನ ಜನ ಆಡುವ ಬುಂದೇಲಿಯಾಗಿತ್ತು. ಹೊಸದಾಗಿ ಓದು ಕಲಿತವರಿಗೂ ಎಟುಕುವಂತೆ ಸರಳ ವಾಕ್ಯಗಳಲ್ಲಿ ಬರೆಯಲಾಗುತ್ತಿತ್ತು. ಕೂಲಿ ಬಾಕಿ, ಪಡಿತರ, ಕೆಟ್ಟ ಕೈಪಂಪು, ರಸ್ತೆ, ಅಕ್ರಮ ಗಣಿಗಾರಿಕೆ, ಮಹಿಳೆಯರ ಹಾಗೂ ದಲಿತರ ಮೇಲಿನ ದೌರ್ಜನ್ಯ ಮುಖ್ಯ ಸುದ್ದಿಗಳಾದವು. ದೊಡ್ಡ ಪತ್ರಿಕೆಗಳ ಏಜೆಂಟರು ಹೋಗದ ಹಳ್ಳಿಗಳಿಗೆ ವರದಿಗಾರ್ತಿಯರೇ ಪ್ರತಿಗಳನ್ನು ಹೊತ್ತೊಯ್ದು ಮಾರಿದರು. ಮೇಲ್ಜಾತಿಯವರ ಮತ್ತು ಅಧಿಕಾರಿಗಳ ಅಸಹನೆ, ಬೆದರಿಕೆ, ಮನೆಯವರ ವಿರೋಧ ಇವೆಲ್ಲವನ್ನೂ ಎದುರಿಸಿಯೇ ಅವರು ಕೆಲಸ ಮಾಡಬೇಕಾಯಿತು.

ಬೆಳವಣಿಗೆ: 2006ರಲ್ಲಿ ಬಾಂದಾ ಆವೃತ್ತಿ ಆರಂಭವಾಯಿತು. ಕ್ರಮೇಣ ಅವಧಿ, ಭೋಜಪುರಿ, ಬಜ್ಜಿಕಾ ಭಾಷೆಗಳಲ್ಲೂ ಪತ್ರಿಕೆ ಬಂತು. ಬಿಹಾರದ ಸೀತಾಮಢಿಗೂ ಹಬ್ಬಿತು. ಮುದ್ರಣ, ಸಾಗಣೆಗಳ ವೆಚ್ಚ ಭಾರವಾಗಿ, ಇತ್ತ ಹಳ್ಳಿಗರ ಕೈಗೆ ಮೊಬೈಲ್ ಬಂದಾಗ, 2010ರ ದಶಕದ ನಡುವಿನಲ್ಲಿ ಮುದ್ರಣ ನಿಲ್ಲಿಸಿ ವಿಡಿಯೊ ವರದಿಗಾರಿಕೆಗೆ ಹೊರಳಿತು.

ಮನ್ನಣೆ: 2004ರಲ್ಲಿ ಚಮೇಲಿ ದೇವಿ ಜೈನ್ ಪ್ರಶಸ್ತಿ ಬಂತು. 2009ರಲ್ಲಿ ಈ ಪತ್ರಿಕೆಗಾಗಿ ‘ನಿರಂತರ್’ ಸಂಸ್ಥೆಗೆ ಯುನೆಸ್ಕೊದ ಕಿಂಗ್ ಸೆಜಾಂಗ್ ಸಾಕ್ಷರತಾ ಪ್ರಶಸ್ತಿ ಸಂದಿತು. ಈ ತಂಡವನ್ನು ಕುರಿತು ರಿಂಟು ಥಾಮಸ್ ಮತ್ತು ಸುಶ್ಮಿತ್ ಘೋಷ್ ತೆಗೆದ ‘ರೈಟಿಂಗ್ ವಿತ್ ಫೈರ್’ (2021) ಸಾಕ್ಷ್ಯಚಿತ್ರ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಆದರೆ ಅದು ತಮ್ಮ ಕೆಲಸದ ಒಂದು ಭಾಗವನ್ನಷ್ಟೇ ತೋರಿಸುತ್ತದೆಂದು ತಂಡವು 2022ರಲ್ಲಿ ಬಹಿರಂಗವಾಗಿ ಆಕ್ಷೇಪಿಸಿತು.

ಮಹತ್ವ: ಸುದ್ದಿಮನೆಗಳಲ್ಲಿ ದಲಿತ ಮಹಿಳೆಯರು ಕಾಣುವುದೇ ಅಪರೂಪವಾಗಿದ್ದ ಕಾಲದಲ್ಲಿ ವರದಿ, ಸಂಪಾದನೆ, ವಿತರಣೆ ಮೂರನ್ನೂ ಅವರೇ ನಡೆಸಬಲ್ಲರೆಂದು ಈ ಪತ್ರಿಕೆ ತೋರಿಸಿಕೊಟ್ಟಿತು. ಸಾಕ್ಷರತೆಯ ಗುರಿ ಸಹಿ ಹಾಕಲು ಕಲಿಯುವುದಷ್ಟೇ ಅಲ್ಲ, ತಮ್ಮ ಊರಿನ ಆಡಳಿತವನ್ನು ಬರಹದಲ್ಲಿ ಪ್ರಶ್ನಿಸುವುದೂ ಹೌದು ಎಂಬುದಕ್ಕೆ ಭಾರತೀಯ ಪತ್ರಿಕೋದ್ಯಮದಲ್ಲಿ ಇದಕ್ಕಿಂತ ಗಟ್ಟಿಯಾದ ನಿದರ್ಶನಗಳು ವಿರಳ.