ಗಣಕಯಂತ್ರದ ಗಡಿಯಾರದಲ್ಲಿ ಐದೂವರೆ ಗಂಟೆಯ ಅಂತರ

ಕಾಸರಗೋಡಿನ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಲಿನಕ್ಸ್ ಆಧಾರಿತ ವ್ಯವಸ್ಥೆಯಲ್ಲಿ. ಮನೆಗಳಲ್ಲಿರುವುದು ಸಾಮಾನ್ಯವಾಗಿ ವಿಂಡೋಸ್. ಮಕ್ಕಳ ಅಭ್ಯಾಸಕ್ಕೆಂದು ಎರಡನ್ನೂ ಒಂದೇ ಯಂತ್ರದಲ್ಲಿ ಅಳವಡಿಸಿದ್ದರೆ, ಲಿನಕ್ಸ್ ಬಳಸಿ ಮುಚ್ಚಿದ ಬಳಿಕ ಬೆಳಿಗ್ಗೆ 10 ಗಂಟೆಗೆ ವಿಂಡೋಸ್ 4.30 ಎಂದು ತೋರಿಸುವುದುಂಟು. ಇದು ಯಂತ್ರದ ದೋಷವಲ್ಲ. ಯಂತ್ರದೊಳಗಿನ ಗಡಿಯಾರದ ವೇಳೆಯನ್ನು ಲಿನಕ್ಸ್ ಯುಟಿಸಿ, ಅಂದರೆ ವಿಶ್ವಸಮಯವೆಂದು ಭಾವಿಸುತ್ತದೆ. ವಿಂಡೋಸ್ ಸ್ಥಳೀಯ ಸಮಯವೆಂದು ಓದುತ್ತದೆ. ಭಾರತೀಯ ಸಮಯವು ವಿಶ್ವಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದಿರುವುದರಿಂದ ಅಂತರವೂ ಅಷ್ಟೇ. ಒಂದರಲ್ಲಿ ತಿದ್ದಿದರೆ ಇನ್ನೊಂದರಲ್ಲಿ ಕೆಡುತ್ತದೆ. ಒಳಗಿನ ಗಡಿಯಾರವನ್ನು ಸ್ಥಳೀಯ ಸಮಯವೆಂದೇ ಓದುವಂತೆ ಲಿನಕ್ಸಿಗೆ ಟರ್ಮಿನಲ್ ಮೂಲಕ ಒಮ್ಮೆ ಸೂಚಿಸಿದರೆ ಸಾಕು. ಶಾಲೆಯ ಐಟಿ ಶಿಕ್ಷಕರನ್ನು ಕೇಳಲು ಪೋಷಕರು ಸಂಕೋಚಪಡಬೇಕಾಗಿಲ್ಲ.

ವಿಂಡೋಸ್ ಮಾತ್ರ ಇದ್ದಲ್ಲಿ ಮೊದಲು ಪರಿಶೀಲಿಸಬೇಕಾದುದು ಸಮಯವಲಯ. ಅದು ಅಮೆರಿಕದ ಪೆಸಿಫಿಕ್ ವಲಯದಲ್ಲೇ ಉಳಿದಿದ್ದು, ಗಂಟೆಯನ್ನು ಮಾತ್ರ ಕೈಯಿಂದ ತಿದ್ದಿದ್ದರೆ, ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕಂಡರೂ ಮಿಂಚಂಚೆಯ ಮತ್ತು ಆನ್‌ಲೈನ್ ತರಗತಿಯ ವೇಳೆ ತಪ್ಪುತ್ತದೆ. ವಿದ್ಯಾರ್ಥಿವೇತನದ ಅರ್ಜಿಯ ಅವಧಿ ಮುಗಿಯುವುದು ಆ ಜಾಲತಾಣದ ಗಡಿಯಾರದ ಪ್ರಕಾರವೇ ಹೊರತು ನಮ್ಮ ಪರದೆಯ ಪ್ರಕಾರವಲ್ಲ. ವಲಯಗಳ ಪಟ್ಟಿಯಲ್ಲಿ ‘ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ’ ಎಂಬುದನ್ನು ಆರಿಸಿರಿ; ಬೆಂಗಳೂರಿನ ಹೆಸರು ಅಲ್ಲಿಲ್ಲ.

ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡಿದಾಗಲೆಲ್ಲ ದಿನಾಂಕವೇ ವರ್ಷಗಳಷ್ಟು ಹಿಂದೆ ಸರಿದರೆ ಕಾರಣ ಬೇರೆ: ಒಳಗಿನ ನಾಣ್ಯದಾಕಾರದ ಬ್ಯಾಟರಿ, ಹೆಚ್ಚಾಗಿ ಸಿಆರ್ 2032, ಮುಗಿದಿರುತ್ತದೆ. ಆಗ ಬ್ರೌಸರ್ ಸುರಕ್ಷಿತ ತಾಣಗಳನ್ನೂ ತೆರೆಯಲು ನಿರಾಕರಿಸುತ್ತದೆ. ಇಂಟರ್‌ನೆಟ್ ಕೆಟ್ಟಿದೆಯೆಂದು ದೂರುವ ಮುನ್ನ ದಿನಾಂಕವನ್ನು ನೋಡಿರಿ.